ಮೂಳೆ ತಾಕದ ಸೂಜಿ: ಬಳ್ಳಾರಿಯ ಕ್ಲಿನಿಕ್ಕಿನಲ್ಲಿ ನಡೆದ ಒಂದು ಪ್ರಕರಣ

ಮೇ ತಿಂಗಳ ಒಂದು ಬೆಳಿಗ್ಗೆ, ಹನ್ನೊಂದು ಮುಕ್ಕಾಲರ ಹೊತ್ತು. ಬಳ್ಳಾರಿಯ ಬಿಸಿಲಿಗೆ ಕ್ಲಿನಿಕ್ಕಿನ ಮುಂದಿನ ರಸ್ತೆ ಆಗಲೇ ಖಾಲಿಯಾಗಿತ್ತು. ನಾನು ಒಬ್ಬ ಹುಡುಗನ ಹುಳುಕು ಹಲ್ಲಿಗೆ ಸಿಮೆಂಟ್ ತುಂಬುತ್ತಿದ್ದೆ. ಪಕ್ಕದ ಕುರ್ಚಿಯಿಂದ ದನಿ ಬಂತು: "ಡಾಕ್ಟ್ರೇ, ಈ ಕಣ್ಣು ಮುಚ್ಚವಲ್ದು."

ಹಲ್ಲು ಕೀಳಿಸಿಕೊಳ್ಳಲು ಬಂದವರು ಹಲ್ಲಿನ ಬಗ್ಗೆ ಹೇಳುತ್ತಾರೆ, ನೋವಿನ ಬಗ್ಗೆ ಹೇಳುತ್ತಾರೆ. ಕಣ್ಣಿನ ಬಗ್ಗೆ ಹೇಳಿದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದೆ.

ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯುತ್ತಿರುವುದು ಬಿಡಿಎಸ್, ಅಂದರೆ ದಂತವೈದ್ಯ ಪದವಿಯ ವಿದ್ಯಾರ್ಥಿಗಳಿಗಾಗಿ. ಮೊದಲ ವರ್ಷ ಓದಿದ ಅನಾಟಮಿ, ಫಿಸಿಯಾಲಜಿ ಮೂರನೇ ವರ್ಷ ರೋಗಿಯ ಮುಂದೆ ನಿಂತಾಗ ಎಲ್ಲಿ ಹೋಗುತ್ತೆ ಅನ್ನೋದು ನನ್ನ ಬಹಳ ದಿನದ ಚಿಂತೆ. ರೋಗಿಯ ಒಪ್ಪಿಗೆ ಪಡೆದಿದ್ದೇನೆ. ಅವರ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಬಂದವರು ಯಾರು, ಯಾಕೆ

ಆ ಅಕ್ಕನಿಗೆ 46 ವರ್ಷ. ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ. ಬಳ್ಳಾರಿಯಲ್ಲಿ ಈ ಕೆಲಸ ಮಾಡುವವರು ಜಾಸ್ತಿ; ಬೆಳಿಗ್ಗೆಯಿಂದ ಸಂಜೆವರೆಗೆ ಮಿಷನ್ ಮುಂದೆ ತಲೆ ಬಗ್ಗಿಸಿ ಕೂರಬೇಕು. ಅವರ ತೂಕ 48 ಕೆಜಿ. ಸಣ್ಣ ಮೈಕಟ್ಟು, ಸಣ್ಣ ಮುಖ. ಸಕ್ಕರೆ ಕಾಯಿಲೆ ಇಲ್ಲ. ಬಿಪಿ 130/84. ಮುಂಚೆ ಯಾವ ಇಂಜೆಕ್ಷನ್ನಿಗೂ ತೊಂದರೆ ಆಗಿರಲಿಲ್ಲ.

ಬಲಗಡೆ ಕೆಳಗಿನ ಮೊದಲ ದವಡೆ ಹಲ್ಲು ಹುಳುಕಾಗಿ, ಮೇಲೆಲ್ಲ ಮುರಿದು, ಬೇರು ಮಾತ್ರ ಉಳಿದಿತ್ತು. ಒಂದು ವಾರದಿಂದ ರಾತ್ರಿ ನಿದ್ದೆ ಇಲ್ಲ. ಊತ ಇರಲಿಲ್ಲ, ಬಾಯಿ ಚೆನ್ನಾಗಿ ತೆರೆಯುತ್ತಿತ್ತು. ಕೀಳಬೇಕು ಅಂತ ನಿರ್ಧಾರ ಆಯಿತು.

ಇನ್ನೊಂದು ವಿಷಯ ಚಾರ್ಟಿನಲ್ಲೇ ಇತ್ತು. ಅವತ್ತು ನಾನು, ನಮ್ಮ ಜೂನಿಯರ್ ಇಬ್ಬರೂ ಅದನ್ನು ಬರೆದೆವು, ಆದರೆ ಅದರ ಅರ್ಥ ನೋಡಲಿಲ್ಲ. ಎಡಗಡೆ ಕೆಳಗೆ ಎರಡೂ ಪ್ರೀಮೋಲಾರ್ (ಕೋರೆಹಲ್ಲಿನ ಹಿಂದಿನ ಎರಡು ಹಲ್ಲು) ಮತ್ತು ಮೊದಲ ಮೋಲಾರ್ (ದವಡೆ ಹಲ್ಲು) ಇರಲಿಲ್ಲ. ಹತ್ತು ವರ್ಷದ ಹಿಂದೆಯೇ ಕೀಳಿಸಿದ್ದರು. ಎಡಗಡೆ ಕೋರೆಹಲ್ಲಿನ ಹಿಂದೆ ಬರೀ ವಸಡು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇಂಜೆಕ್ಷನ್

ಕೊಟ್ಟವಳು ನಮ್ಮ ಜೂನಿಯರ್. ಇಂಟರ್ನ್‌ಶಿಪ್ ಮುಗಿಸಿ ನಾಲ್ಕು ತಿಂಗಳಾಗಿತ್ತು. ಶ್ರದ್ಧೆಯ ಹುಡುಗಿ, ಕೈಯೂ ಮೃದು. ಕೆಳದವಡೆಯ ನರಕ್ಕೆ, ಅಂದರೆ ಇನ್‌ಫೀರಿಯರ್ ಆಲ್ವಿಯೋಲಾರ್ ನರಕ್ಕೆ ಬ್ಲಾಕ್ (ನರವನ್ನೇ ಮರಗಟ್ಟಿಸುವ ಇಂಜೆಕ್ಷನ್) ಕೊಡಬೇಕಿತ್ತು. 2 ಮಿ.ಲೀ. ಸಿರಿಂಜ್, 26 ಗೇಜಿನ ಒಂದೂವರೆ ಇಂಚಿನ ಸೂಜಿ. ಔಷಧ 2% ಲಿಗ್ನೋಕೇನ್, ಜೊತೆಗೆ 1:80,000 ಅಡ್ರಿನಲಿನ್. ಒಟ್ಟು 40 ಮಿ.ಗ್ರಾಂ. ಲಿಗ್ನೋಕೇನ್. ಕೆಜಿಗೆ 7 ಮಿ.ಗ್ರಾಂ. ಲೆಕ್ಕದಲ್ಲಿ ಅವರ ತೂಕಕ್ಕೆ 336 ಮಿ.ಗ್ರಾಂ. ತನಕ ಕೊಡಬಹುದು. ಹಾಗಾಗಿ ಪ್ರಮಾಣದಲ್ಲಿ ಏನೂ ತಪ್ಪಿರಲಿಲ್ಲ.

ಆಮೇಲೆ ನಾನು ಅವಳನ್ನು ಒಂದೊಂದಾಗಿ ಕೇಳಿದೆ. ಅವಳು ಏನನ್ನೂ ಮುಚ್ಚಿಡದೆ ಹೇಳಿದಳು. ಸೂಜಿ ಒಳಗೆ ಹೋಗುತ್ತಾ ಇತ್ತು. ದಾರಿಯಲ್ಲಿ ಅರ್ಧ ಮಿ.ಲೀ.ನಷ್ಟು ಔಷಧ ಸ್ವಲ್ಪ ಸ್ವಲ್ಪವಾಗಿ ಬಿಟ್ಟಳು. ಮೂಳೆ ಸಿಗಲಿಲ್ಲ. ಇನ್ನೂ ಸ್ವಲ್ಪ ತಳ್ಳಿದಳು. ಸೂಜಿ ಬಹುತೇಕ ಬುಡದ ತನಕ ಹೋಯಿತು. ಆಗಲೂ ಮೂಳೆ ಸಿಗಲಿಲ್ಲ. ಸಿರಿಂಜಿನ ಪಿಸ್ಟನ್ ಹಿಂದಕ್ಕೆ ಎಳೆದು ನೋಡಿದಳು, ರಕ್ತ ಬರಲಿಲ್ಲ. "ರಕ್ತ ಇಲ್ಲ, ಅಂದ್ರೆ ಸರಿಯಾಗಿದೆ ಅಂದ್ಕೊಂಡೆ ಮೇಡಂ" ಅಂದಳು. ಉಳಿದ ಒಂದೂವರೆ ಮಿ.ಲೀ. ಅಲ್ಲೇ ಬಿಟ್ಟಳು.

ರಕ್ತ ಬರಲಿಲ್ಲ ಅಂದರೆ ಸೂಜಿಯ ತುದಿ ರಕ್ತನಾಳದೊಳಗೆ ಇಲ್ಲ ಅಂತ, ಅಷ್ಟೇ. ತುದಿ ಎಲ್ಲಿದೆ ಅಂತ ಅದು ಹೇಳುವುದಿಲ್ಲ. ಅದನ್ನು ಹೇಳುವುದು ಮೂಳೆ.

ಮೂರು ನಿಮಿಷದಲ್ಲಿ ನಾಲಿಗೆಯ ಬಲಭಾಗ ಮರಗಟ್ಟಿತು. ಕೆಳತುಟಿ ಮಾತ್ರ ಚೂರೂ ಮರಗಟ್ಟಲಿಲ್ಲ. ಇನ್ನೊಂದು ಇಂಜೆಕ್ಷನ್ ಬೇಕೇನೋ ಅಂತ ಅವಳು ಯೋಚಿಸುತ್ತಿದ್ದಾಗ ಅಕ್ಕ ಕಣ್ಣಿನ ಮಾತು ಹೇಳಿದ್ದು.

ಮುಖ ನೋಡಿದಾಗ

ಹತ್ತಿರ ಹೋಗಿ ನೋಡಿದೆ. ಬಲಗಣ್ಣಿನಿಂದ ನೀರು ಕೆನ್ನೆ ಮೇಲೆ ಇಳಿಯುತ್ತಿತ್ತು. "ಅಳಬೇಡಿ ಅಕ್ಕ" ಅಂದೆ. "ನಾ ಅಳಾಕತ್ತಿಲ್ರೀ, ಸುಮ್ನ ಹರೀತೈತಿ" ಅಂದರು. ಮಾತು ಸ್ವಲ್ಪ ತೊದಲುತ್ತಿತ್ತು.

ಕಣ್ಣು ಮುಚ್ಚಿ ಅಂದೆ. ಎಡಗಣ್ಣು ಮುಚ್ಚಿತು. ಬಲಗಣ್ಣಿನ ರೆಪ್ಪೆ ಅರ್ಧಕ್ಕೇ ನಿಂತಿತು. ಸಂದಿಯಲ್ಲಿ ಕಪ್ಪು ಗುಡ್ಡೆ ಮೇಲಕ್ಕೆ ಹೊರಳಿ ಬಿಳಿ ಭಾಗ ಮಾತ್ರ ಕಾಣುತ್ತಿತ್ತು. ಇದಕ್ಕೆ ಬೆಲ್ ಫಿನಾಮಿನನ್ ಅಂತಾರೆ. 19ನೇ ಶತಮಾನದಲ್ಲಿ ಮುಖದ ನರದ ಬಗ್ಗೆ ಕೆಲಸ ಮಾಡಿದ ಚಾರ್ಲ್ಸ್ ಬೆಲ್ ಹೆಸರು. ಕಣ್ಣು ಮುಚ್ಚಲು ಹೋದಾಗ ಗುಡ್ಡೆ ಮೇಲೆ ಹೊರಳುವುದು ನಮ್ಮ ನಿಮ್ಮಲ್ಲೂ ಆಗುತ್ತೆ. ರೆಪ್ಪೆ ಮುಚ್ಚಿರುವುದರಿಂದ ಕಾಣುವುದಿಲ್ಲ.

ಹಲ್ಲು ತೋರಿಸಿ ಅಂದೆ. ಬಾಯಿ ಎಡಕ್ಕೆ ಎಳೆಯಿತು. ಗಲ್ಲ ಉಬ್ಬಿಸಿ ಅಂದೆ. ಬಲಗಡೆ ತುಟಿಯ ಮೂಲೆಯಿಂದ ಗಾಳಿ ಹೋಯಿತು. ಹುಬ್ಬು ಮೇಲೆತ್ತಿ ಅಂದೆ. ಎಡಗಡೆ ಹಣೆಯಲ್ಲಿ ಗೆರೆ ಮೂಡಿತು, ಬಲಗಡೆ ಹಣೆ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ನುಣ್ಣಗಿತ್ತು.

ಅಷ್ಟೊತ್ತಿಗೆ ಹೊರಗೆ ಕೂತಿದ್ದ ಮಗಳು ಒಳಗೆ ಬಂದಳು. ಅಮ್ಮನ ಮುಖ ನೋಡಿ ಬಾಗಿಲಲ್ಲೇ ನಿಂತಳು. "ಏನಾತ್ರೀ ನಮ್ಮವ್ವಗ? ಬಾಯಿ ಸೊಟ್ಟ ಆಗೈತಲ್ರೀ! ಲಕ್ವ ಹೊಡೀತೇನ್ರೀ?"

ಅವಳ ಹೆದರಿಕೆ ನ್ಯಾಯವಾದದ್ದೇ. ನಮ್ಮ ಕಡೆ ಬಾಯಿ ಸೊಟ್ಟಾದರೆ ಮೊದಲು ನೆನಪಾಗುವುದು ಲಕ್ವ. ಮೆದುಳಿಗೆ ರಕ್ತ ನಿಂತು ಲಕ್ವ ಹೊಡೆದರೂ ಬಾಯಿ ಹೀಗೇ ವಾಲುತ್ತೆ, ಮಾತು ಹೀಗೇ ತೊದಲುತ್ತೆ. ಹಾಗಾಗಿ ಸಮಾಧಾನ ಹೇಳುವ ಮೊದಲು ನಾನೇ ಖಾತ್ರಿ ಮಾಡಿಕೊಳ್ಳಬೇಕಿತ್ತು. ಎರಡೂ ಕೈ ಮುಂದೆ ಚಾಚಿಸಿ ಕಣ್ಣು ಮುಚ್ಚಲು ಪ್ರಯತ್ನಿಸಿ ಅಂದೆ. ಕೈ ಕೆಳಗೆ ಇಳಿಯಲಿಲ್ಲ. ನನ್ನ ಬೆರಳನ್ನು ಎರಡೂ ಕೈಯಿಂದ ಒಂದೇ ಬಿಗಿಯಲ್ಲಿ ಹಿಡಿದರು. ನಾಲ್ಕು ಹೆಜ್ಜೆ ನಡೆಸಿದೆ, ಕಾಲು ಸರಿಯಾಗಿತ್ತು. ಕೇಳಿದ್ದು ಅರ್ಥವಾಗುತ್ತಿತ್ತು, ಉತ್ತರ ಸರಿಯಾಗಿತ್ತು. ತೊದಲಿಗೆ ಕಾರಣ ಮರಗಟ್ಟಿದ ನಾಲಿಗೆ ಮತ್ತು ಸಡಿಲವಾದ ತುಟಿ.

ಆದರೆ ನಿಜವಾದ ಉತ್ತರ ಹಣೆಯಲ್ಲಿತ್ತು. ಮುಖದ ಕೆಳಭಾಗದ ಸ್ನಾಯುಗಳಿಗೆ ಆಜ್ಞೆ ಬರುವುದು ಹೆಚ್ಚಾಗಿ ಎದುರು ಬದಿಯ ಮೆದುಳಿನಿಂದ. ಹಣೆಯ ಸ್ನಾಯುವಿಗೆ ಮಾತ್ರ ಮೆದುಳಿನ ಎರಡೂ ಬದಿಯಿಂದ ಬರುತ್ತೆ. ಹಾಗಾಗಿ ಮೆದುಳಿನ ಒಂದು ಬದಿ ಕೆಟ್ಟರೆ ಬಾಯಿ ವಾಲುತ್ತೆ, ಹಣೆಯಲ್ಲಿ ಗೆರೆ ಮೂಡುತ್ತೆ. ಹಣೆಯೂ ಸತ್ತಿದ್ದರೆ ತೊಂದರೆ ಸಾಮಾನ್ಯವಾಗಿ ಮುಖದ ನರದಲ್ಲೇ, ಅಂದರೆ ಏಳನೇ ಕ್ರೇನಿಯಲ್ ನರದಲ್ಲೇ. ಇವರದ್ದು ನುಣುಪು ಹಣೆ. ಇಂಜೆಕ್ಷನ್ ಆಗಿ ನಾಲ್ಕೇ ನಿಮಿಷ. ಕೈಕಾಲು ಸರಿ. ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು.

ಹಣೆಯಲ್ಲಿ ಗೆರೆ ಮೂಡಿದ್ದರೆ, ಇಲ್ಲವೇ ಒಂದು ಕೈ ಸೋತಿದ್ದರೆ ನಾನು ಒಂದು ನಿಮಿಷವೂ ಕಾಯುತ್ತಿರಲಿಲ್ಲ. ಲಕ್ವದಲ್ಲಿ ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. "ಇಂಜೆಕ್ಷನ್ನಿಂದ ಆಗಿರಬೇಕು, ನೋಡೋಣ" ಅಂತ ಕೂತು ಆ ಹೊತ್ತು ಕಳೆಯುವುದು ತುಂಬ ದೊಡ್ಡ ತಪ್ಪು.

ನರದ ಹಾದಿಯಲ್ಲಿ ಎಲ್ಲಿ?

ಮುಖದ ನರ ಅಂತ ಗೊತ್ತಾಯಿತು. ಎಲ್ಲಿ ಕೆಟ್ಟಿದೆ? ಇಲ್ಲಿ ಮೊದಲ ವರ್ಷದ ಅನಾಟಮಿ ನೇರವಾಗಿ ಕೈಗೆ ಬರುತ್ತೆ.

ಈ ನರ ಮಿದುಳಿನ ಕಾಂಡದ ಪಾನ್ಸ್ ಎಂಬಲ್ಲಿಂದ ಹೊರಟು ಕಿವಿಯ ಮೂಳೆಯೊಳಗೆ ನುಗ್ಗುತ್ತೆ. ಒಳಗೆ ಮೂರು ಕವಲು ಬಿಡುತ್ತೆ. ಮೊದಲನೆಯದು ಗ್ರೇಟರ್ ಪೆಟ್ರೋಸಲ್: ಕಣ್ಣೀರಿನ ಗ್ರಂಥಿಗೆ ಆಜ್ಞೆ ಒಯ್ಯುವುದು ಇದೇ. ಎರಡನೆಯದು ಸ್ಟೇಪಿಡಿಯಸ್ ಸ್ನಾಯುವಿಗೆ ಹೋಗುವ ಕವಲು. ಅದು ಕೆಟ್ಟರೆ ಸಣ್ಣ ಸದ್ದೂ ಕಿವಿಗೆ ಬಡಿದ ಹಾಗೆ ಕೇಳುತ್ತೆ. ಮೂರನೆಯದು ಕಾರ್ಡಾ ಟಿಂಪನಿ: ನಾಲಿಗೆಯ ಮುಂದಿನ ಮೂರರಲ್ಲಿ ಎರಡು ಭಾಗದ ರುಚಿ ಇದರದ್ದು. ಇಷ್ಟಾದ ಮೇಲೆ ನರ ಕಿವಿಯ ಹಿಂದೆ ಸ್ಟೈಲೋಮ್ಯಾಸ್ಟಾಯ್ಡ್ ರಂಧ್ರದಿಂದ ಹೊರಗೆ ಬಂದು, ಪೆರೋಟಿಡ್ ಎಂಬ ಜೊಲ್ಲು ಗ್ರಂಥಿಯೊಳಗೆ ಹೊಕ್ಕು, ಅಲ್ಲಿ ಐದು ಕವಲಾಗಿ ಮುಖಕ್ಕೆ ಹರಡುತ್ತೆ.

ಕಣ್ಣೀರು ಹರಿಯುತ್ತಿತ್ತು. ಅಂದರೆ ಕಣ್ಣೀರು ತಯಾರಾಗುತ್ತಿತ್ತು, ಮೊದಲ ಕವಲು ಸರಿಯಾಗಿತ್ತು. ಕೆನ್ನೆಗೆ ಯಾಕೆ ಇಳಿಯಿತು? ರೆಪ್ಪೆ ಮಿಟುಕಿದಾಗಲೆಲ್ಲ ಕಣ್ಣೀರು ಮೂಗಿನ ಕಡೆಯ ನಾಳಕ್ಕೆ ತಳ್ಳಿಸಿಕೊಂಡು ಹೋಗುತ್ತೆ. ಮಿಟುಕುವುದು ನಿಂತರೆ ಆ ಪಂಪು ನಿಂತಿತು. ಕೆಳರೆಪ್ಪೆ ಸಡಿಲವಾಗಿ ನೀರು ಹೊರಗೆ ಚೆಲ್ಲುತ್ತೆ. ಕಿವಿಯ ಬಗ್ಗೆ ಕೇಳಿದೆ. ಕಂಪ್ರೆಸರ್ ಸದ್ದು ಎರಡೂ ಕಿವಿಗೆ ಒಂದೇ ಥರ ಕೇಳುತ್ತಿತ್ತು.

ಆಗ ಜೂನಿಯರ್ ನಾಲ್ಕು ಕಾಳು ಸಕ್ಕರೆಯನ್ನು ಅಕ್ಕನ ನಾಲಿಗೆಯ ಬಲಗಡೆ ಇಟ್ಟಳು. ರುಚಿ ಗೊತ್ತಾಗಲಿಲ್ಲ. ಅವಳ ಮುಖ ಬಾಡಿತು. "ಮೇಡಂ, ಕಾರ್ಡಾ ಟಿಂಪನಿ ಹೋಗಿದೆ. ಹಾಗಾದ್ರೆ ಮೂಳೆಯೊಳಗೇ ಏನೋ ಆಗಿದೆ ಅಲ್ವಾ?"

ಒಳ್ಳೆಯ ಪ್ರಶ್ನೆ. ಪುಸ್ತಕದ ಪ್ರಕಾರ ಸರಿಯಾದ ಯೋಚನೆಯೂ ಹೌದು. ಆದರೆ ಒಂದು ಕೊಂಡಿ ತಪ್ಪಿತ್ತು. ಕಾರ್ಡಾ ಟಿಂಪನಿ ತಾನೊಂದೇ ನಾಲಿಗೆಗೆ ಹೋಗುವುದಿಲ್ಲ. ದವಡೆಯ ಒಳಗಡೆ, ಮೇಲೆಯೇ, ಅದು ನಾಲಿಗೆಯ ಸ್ಪರ್ಶದ ನರವಾದ ಲಿಂಗ್ವಲ್ ನರವನ್ನು ಸೇರಿಕೊಳ್ಳುತ್ತೆ. ಅಲ್ಲಿಂದ ಮುಂದೆ ಎರಡೂ ಒಂದೇ ಕವಚದಲ್ಲಿ ಇಳಿಯುತ್ತವೆ. ದಾರಿಯಲ್ಲಿ ಬಿಟ್ಟ ಅರ್ಧ ಮಿ.ಲೀ. ಔಷಧದಿಂದ ನಾವೇ ಲಿಂಗ್ವಲ್ ನರವನ್ನು ಮರಗಟ್ಟಿಸಿದ್ದೆವು. ಅದರ ಜೊತೆಗಿದ್ದ ರುಚಿಯ ಎಳೆಗಳೂ ಮಲಗಿದವು. ಅಂದರೆ ಆ ಸಕ್ಕರೆ ಪರೀಕ್ಷೆ ಇಂಥ ರೋಗಿಯಲ್ಲಿ ಏನನ್ನೂ ಹೇಳುವುದಿಲ್ಲ. ಕಣ್ಣೀರು ಮತ್ತು ಕಿವಿಯ ಸಾಕ್ಷಿಯ ಜೊತೆ ಈಗಷ್ಟೇ ಕೊಟ್ಟ ಇಂಜೆಕ್ಷನ್ನನ್ನೂ ಸೇರಿಸಿ ನೋಡಿ: ತೊಂದರೆ ಮೂಳೆಯಿಂದ ಹೊರಗೆ ಬಂದ ಮೇಲಿನದ್ದು. ಹೊರಗೆ ಬಂದ ಮೇಲೆ ಆ ನರ ಸಿಗುವ ಜಾಗ ಪೆರೋಟಿಡ್ ಗ್ರಂಥಿ.

ಸೂಜಿ ಅಲ್ಲಿಗೆ ಹೇಗೆ ಹೋಯಿತು

ನನ್ನ ಬಳಿ ಒಂದು ಹಳೆಯ ಕೆಳದವಡೆ ಮೂಳೆ ಇದೆ. ಅದನ್ನು ಕೈಯಲ್ಲಿ ಹಿಡಿದು ನೋಡದೆ ಈ ಬ್ಲಾಕ್ ಕಲಿಯಲು ಆಗುವುದಿಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ. ಚಿತ್ರ ಎಷ್ಟು ಚೆನ್ನಾಗಿದ್ದರೂ ಕಾಗದ ಚಪ್ಪಟೆ.

ಮೂಳೆಯ ಹಿಂದಿನ ನಿಂತ ಭಾಗ ರೇಮಸ್. ಹೆಬ್ಬೆರಳನ್ನು ಅದರ ಮುಂದಿನ ಅಂಚಿನಲ್ಲಿ ಇಟ್ಟರೆ ಒಂದು ತಗ್ಗು ಸಿಗುತ್ತೆ, ಅದು ಕರೊನಾಯ್ಡ್ ನಾಚ್. ಒಳಮೈಯಲ್ಲಿ ಹೆಚ್ಚುಕಡಿಮೆ ನಡುವೆ ಒಂದು ತೂತು, ಅದಕ್ಕೆ ಕಾವಲು ನಿಂತ ಹಾಗೆ ಲಿಂಗುಲಾ ಎಂಬ ಸಣ್ಣ ಮೊನೆ. ಹಲ್ಲುಗಳ ನರ ಆ ತೂತಿನೊಳಗೆ ಹೋಗುತ್ತೆ. ಸೂಜಿಯ ತುದಿ ಅದರ ಸ್ವಲ್ಪ ಮೇಲೆ ಮೂಳೆಗೆ ತಾಕಬೇಕು. ಸಾಮಾನ್ಯವಾಗಿ 20ರಿಂದ 25 ಮಿ.ಮೀ. ಆಳದಲ್ಲಿ.

ಆ ಜಾಗ ಒಂದು ಸಂದಿ. ಹೊರಗಡೆ ಗೋಡೆ ರೇಮಸ್. ಒಳಗಡೆ ಗೋಡೆ ಮೀಡಿಯಲ್ ಟೆರಿಗಾಯ್ಡ್ ಸ್ನಾಯು. ಮೇಲೆ ಲ್ಯಾಟರಲ್ ಟೆರಿಗಾಯ್ಡ್. ಮುಂದೆ, ನಮ್ಮ ಸೂಜಿ ನುಗ್ಗುವ ಕಡೆ, ಕೆನ್ನೆಯ ಬಕ್ಸಿನೇಟರ್ ಸ್ನಾಯು ಮತ್ತು ಗಂಟಲಿನ ಸ್ನಾಯು ಸೇರುವ ಗೆರೆ, ರೇಫಿ. ಬಾಯಿ ದೊಡ್ಡದಾಗಿ ತೆರೆಸಿದರೆ ಅದು ಹಗ್ಗದ ಹಾಗೆ ಎದ್ದು ಕಾಣುತ್ತೆ. ಹಿಂದೆ? ಹಿಂದೆ ಮೂಳೆಯ ಗೋಡೆ ಇಲ್ಲ. ಅಲ್ಲಿರುವುದು ಪೆರೋಟಿಡ್ ಗ್ರಂಥಿಯ ಒಳಭಾಗ. ರೇಮಸ್ಸಿನ ಹಿಂದಿನ ಅಂಚನ್ನು ಸುತ್ತಿಕೊಂಡು ಅದು ಒಳಗೆ ಚಾಚಿರುತ್ತೆ. ಸೂಜಿ ರೇಮಸ್ಸಿಗೆ ತಾಕದೆ ಅದರ ಉದ್ದಕ್ಕೂ ಜಾರಿಕೊಂಡು ಹೋದರೆ ನೇರ ಗ್ರಂಥಿಯೊಳಗೆ.

ಸ್ಕೇಲ್ ಇಟ್ಟು ನೋಡಿದೆವು. ನನ್ನ ಮೂಳೆಯ ರೇಮಸ್ ಅಗಲ 31 ಮಿ.ಮೀ. ಸೂಜಿಯ ಉದ್ದ 38 ಮಿ.ಮೀ. ಬುಡದ ತನಕ ಹೋದ ಸೂಜಿ ಮೂಳೆ ದಾಟಿ ಹಿಂದಕ್ಕೆ ಹೋಗಲೇಬೇಕು. ಆ ಅಕ್ಕನದು ಇನ್ನೂ ಸಣ್ಣ ದವಡೆ. ಜೂನಿಯರ್ ಸೂಜಿಯನ್ನು ಮೂಳೆಯ ಪಕ್ಕದಲ್ಲಿ ಹಿಡಿದು ಬಹಳ ಹೊತ್ತು ನೋಡುತ್ತಾ ನಿಂತಿದ್ದಳು.

ಕೋನ ಯಾಕೆ ತಪ್ಪಿತು? ಈಗ ಆ ಇಲ್ಲದ ಹಲ್ಲುಗಳಿಗೆ ಬನ್ನಿ. ಬಲಗಡೆ ಬ್ಲಾಕ್ ಕೊಡುವಾಗ ಸಿರಿಂಜ್ ಎಡಗಡೆ ಪ್ರೀಮೋಲಾರ್ ಮೇಲೆ ಇರಬೇಕು. ಆಗ ಸೂಜಿ ಓರೆಯಾಗಿ ಹೋಗಿ ರೇಮಸ್ಸಿಗೆ ತಾಕುತ್ತೆ. ಇವರಿಗೆ ಆ ಹಲ್ಲುಗಳೇ ಇಲ್ಲ. ಕೈ ತಾನಾಗಿ ಆಸರೆ ಹುಡುಕುತ್ತೆ. ಮುಂದಿದ್ದ ಕೋರೆಹಲ್ಲು ಸಿಕ್ಕಿತು, ಸಿರಿಂಜ್ ಅಲ್ಲಿ ಕೂತಿತು. ಬಾಯಿಯ ಮುಂಭಾಗಕ್ಕೆ ಸಿರಿಂಜ್ ಸರಿದಷ್ಟೂ ಸೂಜಿ ರೇಮಸ್ಸಿಗೆ ಸಮಾನಾಂತರವಾಗುತ್ತೆ. ತಾಕುವುದಿಲ್ಲ, ಪಕ್ಕದಲ್ಲೇ ಜಾರಿ ಹೋಗುತ್ತೆ.

ಮೂಳೆ ಸಿಗದಿದ್ದರೆ ಮಾಡಬೇಕಾದ್ದು ಇನ್ನೂ ತಳ್ಳುವುದಲ್ಲ. ಸೂಜಿಯನ್ನು ಹಿಂದಕ್ಕೆ ಎಳೆದು, ಕಾಲುಭಾಗ ಮಾತ್ರ ಒಳಗಿರುವಾಗ ಸಿರಿಂಜನ್ನು ಎದುರು ಬದಿಯ ಮೋಲಾರ್ ಕಡೆಗೆ ಸರಿಸಿ, ಮತ್ತೆ ಒಳಗೆ ಕಳಿಸಬೇಕು. ಅರ್ಧ ಸೂಜಿ ಹೋಗುವ ಮುಂಚೆಯೇ ಮೂಳೆ ಸಿಕ್ಕರೆ ಉಲ್ಟಾ, ಸಿರಿಂಜ್ ಮುಂದಕ್ಕೆ. ಮೂಳೆ ಸಿಕ್ಕ ಮೇಲೆ 1 ಮಿ.ಮೀ. ಹಿಂದೆ ಎಳೆದು, ರಕ್ತ ಬರುತ್ತಾ ನೋಡಿ, ಆಮೇಲೆ ನಿಧಾನವಾಗಿ ಒಂದು ನಿಮಿಷ ತೆಗೆದುಕೊಂಡು ಔಷಧ ಬಿಡಬೇಕು. ಮೂಳೆ ತಾಕದೆ ಬಿಡಬಾರದು. ನಾನು ಇದರಲ್ಲಿ ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಇನ್ನೊಂದು ಮಾತು. ಪೆರೋಟಿಡ್ಡಿನೊಳಗೆ ಮುಖದ ನರದ ಕೆಳಗೆ ರೆಟ್ರೋಮ್ಯಾಂಡಿಬ್ಯುಲರ್ ಸಿರೆ, ಅದರ ಕೆಳಗೆ ಎಕ್ಸ್‌ಟರ್ನಲ್ ಕರೋಟಿಡ್ ಅಪಧಮನಿ. ವೈವಾ ಎಂಬ ಮೌಖಿಕ ಪರೀಕ್ಷೆಯಲ್ಲಿ ಈ ಮೂರನ್ನು ಹೊರಗಿನಿಂದ ಒಳಕ್ಕೆ ಗಡಗಡ ಅಂತ ಹೇಳುತ್ತೀರಿ. ಅವತ್ತು ಸೂಜಿ ಆ ಮೂರರ ಆಸುಪಾಸಿನಲ್ಲೇ ಇತ್ತು. ರಕ್ತ ಬರುತ್ತಾ ಅಂತ ಎಳೆದು ನೋಡಿದ್ದು ಅವಳು ಮಾಡಿದ ಒಳ್ಳೆಯ ಕೆಲಸ. ಅದನ್ನೂ ಅವಳಿಗೆ ಹೇಳಿದೆ.

ಔಷಧ ಮಾಡಿದ ಕೆಲಸ

ಲಿಗ್ನೋಕೇನಿಗೆ ಯಾವ ನರ ಅಂತ ಗೊತ್ತಿಲ್ಲ. ಸಿಕ್ಕ ನರದಲ್ಲಿ ಸೋಡಿಯಂ ಒಳಗೆ ಬರುವ ಬಾಗಿಲು ಮುಚ್ಚುತ್ತೆ. ಸೋಡಿಯಂ ಒಳಗೆ ಬರದಿದ್ದರೆ ಸಂಕೇತ ಮುಂದೆ ಸಾಗುವುದಿಲ್ಲ. ನೋವಿನ ನರವಾದರೆ ನೋವು ನಿಲ್ಲುತ್ತೆ, ಸ್ನಾಯುವಿನ ನರವಾದರೆ ಸ್ನಾಯು ನಿಲ್ಲುತ್ತೆ. 1943ರಲ್ಲಿ ಸ್ವೀಡನ್ನಿನ ನೀಲ್ಸ್ ಲೋಫ್‌ಗ್ರೆನ್ ತಯಾರಿಸಿದ ಈ ಔಷಧ ಇವತ್ತಿಗೂ ನಮ್ಮ ದಿನದ ಸಂಗಾತಿ. ಅದರ ಪಿಕೆಎ, ಅಂದರೆ ಔಷಧದ ಅರ್ಧ ಪಾಲು ವಿದ್ಯುದಾವೇಶ ಪಡೆದು ಅರ್ಧ ಪಾಲು ಪಡೆಯದೆ ಇರುವ ಪಿಎಚ್, 7.9. ದೇಹದ ಪಿಎಚ್ 7.4ರಲ್ಲಿ ಲೆಕ್ಕ ಹಾಕಿದರೆ ಸುಮಾರು ಕಾಲುಭಾಗ ಮಾತ್ರ ವಿದ್ಯುದಾವೇಶ ಇಲ್ಲದ ರೂಪದಲ್ಲಿರುತ್ತೆ. ನರದ ಪೊರೆ ದಾಟುವುದು ಆ ಕಾಲುಭಾಗವೇ. ದಾಟಿದ ಮೇಲೆ ಒಳಗೆ ಮತ್ತೆ ಆವೇಶ ಪಡೆದು ಬಾಗಿಲನ್ನು ಒಳಗಿನಿಂದ ಮುಚ್ಚುತ್ತೆ. ಕೀವು ತುಂಬಿದ ಜಾಗದಲ್ಲಿ ಪಿಎಚ್ ಇಳಿದು ಆ ಪಾಲು ಇನ್ನೂ ಕಡಿಮೆಯಾಗುತ್ತೆ. ಅಲ್ಲಿ ಇಂಜೆಕ್ಷನ್ ಸರಿಯಾಗಿ ಹಿಡಿಯದಿರುವುದಕ್ಕೆ ಇದೊಂದು ಕಾರಣ.

ಅಡ್ರಿನಲಿನ್ ಸುತ್ತಲ ರಕ್ತನಾಳ ಕಿರಿದು ಮಾಡಿ ಔಷಧವನ್ನು ಅಲ್ಲೇ ಹಿಡಿದಿಡುತ್ತೆ. ಆದರೂ ನಿಧಾನವಾಗಿ ಔಷಧ ರಕ್ತಕ್ಕೆ ಸೇರಿ ಯಕೃತ್ತಿನಲ್ಲಿ ಒಡೆಯುತ್ತೆ, ಬಾಗಿಲುಗಳು ತೆರೆಯುತ್ತವೆ. ಮೃದು ಭಾಗದ ಮರಗಟ್ಟು ಸಾಮಾನ್ಯವಾಗಿ ಮೂರರಿಂದ ಐದು ಗಂಟೆ. ನಾನು ಮಗಳಿಗೆ "ಸಂಜೆಯೊಳಗೆ ಸರಿಯಾಗುತ್ತೆ" ಅಂತ ಹೇಳಿದ್ದು ಬರೀ ಧೈರ್ಯದ ಮಾತಲ್ಲ, ಈ ಲೆಕ್ಕದ ಮೇಲೆ ಹೇಳಿದ್ದು.

ಕಣ್ಣು ಮೊದಲು

ಹಲ್ಲಿನ ಕೆಲಸ ಅಲ್ಲಿಗೇ ನಿಲ್ಲಿಸಿದೆವು. ಅಕ್ಕನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಹೇಳಿದೆ: "ಅಕ್ಕ, ಹಲ್ಲಿನ ನರಕ್ಕೆ ಹೋಗಬೇಕಿದ್ದ ಔಷಧ ಮುಖದ ನರಕ್ಕೆ ಹೋಗಿದೆ. ತಪ್ಪು ನಮ್ಮದು. ಲಕ್ವ ಅಲ್ಲ. ತುಟಿ, ನಾಲಿಗೆ ಹೇಗೆ ಮರಗಟ್ಟಿ ಬಿಡುತ್ತೋ ಹಾಗೇ ಇದೂ ಬಿಡುತ್ತೆ. ಬಿಡೋ ತನಕ ನೀವು ಇಲ್ಲೇ ಇರಿ, ನಾವೂ ಇಲ್ಲೇ ಇರ್ತೀವಿ." ತಪ್ಪು ನಮ್ಮದು ಅನ್ನುವ ಮಾತನ್ನು ನುಂಗಬಾರದು. ಅದನ್ನು ಹೇಳಿದ ಮೇಲೇ ಮಗಳು ಕೂತಿದ್ದು.

ಈ ಪ್ರಕರಣದಲ್ಲಿ ನಿಜವಾದ ಅಪಾಯ ಬಾಯಿ ಸೊಟ್ಟಾಗಿದ್ದಲ್ಲ, ಮುಚ್ಚದ ಕಣ್ಣು. ರೆಪ್ಪೆ ತೆರೆಯುವುದು ಮೂರನೇ ನರದ ಕೆಲಸ, ಅದು ನಡೆಯುತ್ತಲೇ ಇತ್ತು. ಮುಚ್ಚುವುದು ಏಳನೇ ನರದ್ದು, ಅದು ನಿಂತಿತ್ತು. ಹಾಗಾಗಿ ಕಣ್ಣು ತೆರೆದೇ ಇರುತ್ತೆ. ಕಾರ್ನಿಯಾ ಎಂಬ ಕಣ್ಣಿನ ಪಾರದರ್ಶಕ ಪರದೆಗೆ ರಕ್ತನಾಳ ಇಲ್ಲ. ಗಾಳಿಯ ಆಮ್ಲಜನಕ ಕಣ್ಣೀರಿನ ಪದರದಲ್ಲಿ ಕರಗಿ ಅದಕ್ಕೆ ಸೇರುತ್ತೆ. ಆ ಪದರ ಒಣಗಿದರೆ ಮೇಲಿನ ಕಣಗಳು ಉದುರಿ ಹುಣ್ಣಾಗಬಹುದು. ಧೂಳು ಬಿದ್ದರೆ ಚುಚ್ಚಿದ್ದು ಗೊತ್ತಾಗುತ್ತೆ, ಯಾಕೆಂದರೆ ಸ್ಪರ್ಶ ಐದನೇ ನರದ್ದು. ಆದರೆ ಮುಚ್ಚಿಕೊಳ್ಳಲು ಆಗುವುದಿಲ್ಲ. ಬಳ್ಳಾರಿಯ ಮೇ ತಿಂಗಳ ಬಿಸಿಗಾಳಿ, ಕೆಂಪು ಧೂಳು ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. "ಆಟೋದಾಗ ಮನಿಗಿ ಹೋಗ್ತೀವ್ರೀ" ಅಂತ ಮಗಳು ಕೇಳಿದಾಗ ಬಿಲ್ಕುಲ್ ಬೇಡ ಅಂದೆ.

ಪಕ್ಕದ ಔಷಧ ಅಂಗಡಿಯಿಂದ ಕಣ್ಣಿಗೆ ಹಾಕುವ ಕೃತಕ ಕಣ್ಣೀರಿನ ಹನಿ ತರಿಸಿದೆ. ಕಾಂಟ್ಯಾಕ್ಟ್ ಲೆನ್ಸ್ ಇದೆಯಾ ಅಂತ ಕೇಳಿದೆ, ಇರಲಿಲ್ಲ. ಹನಿ ಹಾಕಿ, ಬೆರಳಿನಿಂದ ಮೇಲಿನ ರೆಪ್ಪೆ ಮೆಲ್ಲಗೆ ಇಳಿಸಿ, ಪೂರ್ತಿ ಮುಚ್ಚಿದೆ ಅಂತ ಖಾತ್ರಿ ಮಾಡಿಕೊಂಡು, ಮೇಲೆ ಮೆತ್ತನೆ ಗಾಜ್ ಇಟ್ಟು ಕಾಗದದ ಟೇಪ್ ಹಚ್ಚಿದೆ. ರೆಪ್ಪೆ ಅರ್ಧ ತೆರೆದಿರುವಾಗ ಗಾಜ್ ಇಟ್ಟರೆ ಅದೇ ಕಾರ್ನಿಯಾ ಉಜ್ಜುತ್ತೆ, ಅದಕ್ಕೇ ಇಷ್ಟು ಜೋಪಾನ. ಫ್ಯಾನಿನ ಗಾಳಿ ಮುಖಕ್ಕೆ ಬಡಿಯದ ಹಾಗೆ ಒಳಗಿನ ಕೋಣೆಯಲ್ಲಿ ಮಲಗಿಸಿದೆವು. ನಾಲಿಗೆ ಬಿಡುವ ತನಕ ಊಟ ಬೇಡ, ಕಚ್ಚಿಕೊಳ್ಳುತ್ತಾರೆ ಅಂತ ಹೇಳಿದೆ.

ಅರ್ಧ ಗಂಟೆಗೊಮ್ಮೆ ಜೂನಿಯರ್ ಪರೀಕ್ಷೆ ಮಾಡಿ ಬರೆದಳು. ಒಂದೂಕಾಲಕ್ಕೆ ತುಟಿಯ ಮೂಲೆ ಸ್ವಲ್ಪ ಅಲುಗಿತು. ಎರಡು ಹತ್ತಕ್ಕೆ ರೆಪ್ಪೆ ಮುಕ್ಕಾಲು ಮುಚ್ಚಿತು. ಮೂರು ಗಂಟೆಗೆ ಐದು ನಿಮಿಷ ಇರುವಾಗ ಹಣೆಯ ಎರಡೂ ಕಡೆ ಗೆರೆ ಸಮನಾಗಿ ಮೂಡಿತು. ಮಗಳು ಫೋನಿನ ಕ್ಯಾಮೆರಾ ತೆರೆದು ಅಮ್ಮನಿಗೆ ಮುಖ ತೋರಿಸಿದಳು. ಕಣ್ಣು ಕೆಂಪಾಗಿರಲಿಲ್ಲ, ಉರಿ ಇರಲಿಲ್ಲ. ರಾತ್ರಿ ಫೋನ್ ಮಾಡಿ ವಿಚಾರಿಸಿದೆ, ಮರುದಿನ ಬೆಳಿಗ್ಗೆಯೂ ಮಾಡಿದೆ. ಮರುದಿನವೂ ಸೋಲು ಉಳಿದಿದ್ದರೆ, ಇಲ್ಲವೇ ಬಿಟ್ಟು ಆಮೇಲೆ ಮತ್ತೆ ಬಂದಿದ್ದರೆ, ಅದು ಔಷಧದ ಲೆಕ್ಕಕ್ಕೆ ಸಿಗದ ಬೇರೆ ವಿಷಯ. ಆಗ ನರರೋಗ ತಜ್ಞರ ಬಳಿ ಕಳಿಸಲೇಬೇಕು.

ಐದನೇ ದಿನ

ಅವರು ಮತ್ತೆ ಬರುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಬಂದರು. ಹಲ್ಲು ನೋವು ಬಿಡಬೇಕಲ್ಲ.

ಆ ನಾಲ್ಕು ದಿನ ಸಂಜೆ, ಪರೀಕ್ಷೆಗೆ ಓದಲು ಬರುವ ಮೂವರು ವಿದ್ಯಾರ್ಥಿಗಳ ಜೊತೆ ಜೂನಿಯರ್ ಕೂಡ ಕೂತಳು. ಪೆರೋಟಿಡ್ಡಿನೊಳಗೆ ಏನೇನಿದೆ ಅಂತ ಕೇಳಿದರೆ ನಾಲ್ವರೂ ತಪ್ಪಿಲ್ಲದೆ ಹೇಳಿದರು. ಮುಖದ ನರ ಗ್ರಂಥಿಯೊಳಗೆ ಹಾದು ಹೋದರೂ ಅದಕ್ಕೆ ಜೊಲ್ಲಿನ ಆಜ್ಞೆ ಕೊಡುವುದಿಲ್ಲ, ಅದು ಒಂಬತ್ತನೇ ನರದ ಕೆಲಸ ಅಂತಲೂ ಹೇಳಿದರು. "ಸರಿ, ಬಾಯೊಳಗಿನಿಂದ ಹೋದರೆ ಆ ಗ್ರಂಥಿ ಎಷ್ಟು ದೂರ?" ಅಂತ ಕೇಳಿದೆ. ಎಲ್ಲರೂ ಸುಮ್ಮನಾದರು. ಅನಾಟಮಿಯಲ್ಲಿ ಗ್ರಂಥಿಯನ್ನು ಕೆನ್ನೆಯ ಚರ್ಮ ಬಿಡಿಸಿ ಹೊರಗಿನಿಂದ ನೋಡಿದ್ದರು. ನಾವು ದಂತವೈದ್ಯರು ಹೋಗುವುದು ಒಳಗಿನಿಂದ. ಅದೇ ಗ್ರಂಥಿಯನ್ನು ಎರಡನೇ ಸಲ, ಬಾಯಿಯ ಕಡೆಯಿಂದ, ಅವರಿಗೆ ಯಾರೂ ತೋರಿಸಿರಲಿಲ್ಲ. ಹಾಗಾಗಿ ಮೂಳೆಗೆ ಎರಡು ಬಣ್ಣದ ಜೇಡಿಮಣ್ಣು ಅಂಟಿಸಿ ಸ್ನಾಯು, ಗ್ರಂಥಿ ಮಾಡಿದೆವು. ಸೂಜಿ ಹಿಡಿದು ಹತ್ತು ಸಲ ಸರಿಯಾಗಿ, ಹತ್ತು ಸಲ ಬೇಕಂತಲೇ ತಪ್ಪಾಗಿ ಚುಚ್ಚಿದರು. ತಪ್ಪಾಗಿ ಹೋದಾಗ ಕೈಗೆ ಹೇಗೆ ಅನಿಸುತ್ತೆ ಅನ್ನುವುದೂ ಗೊತ್ತಿರಬೇಕು.

ಐದನೇ ದಿನ ಇಂಜೆಕ್ಷನ್ ಕೊಡುವ ಮುಂಚೆ ಅಕ್ಕನನ್ನೇ ಕೇಳಿದೆ, ನಾನು ಕೊಡಲಾ, ಅವಳು ಕೊಡಲಾ? ಜೂನಿಯರ್ ಕಡೆ ನೋಡಿ, "ಆಕಿನ ಕೊಡ್ಲಿ ಬಿಡ್ರೀ, ನೀವು ಬಾಜೂಕ ನಿಲ್ರೀ" ಅಂದರು. ಅವಳು ಹೆಬ್ಬೆರಳನ್ನು ಒಳಗೆ ಕರೊನಾಯ್ಡ್ ನಾಚಿನಲ್ಲಿ, ತೋರುಬೆರಳನ್ನು ಹೊರಗೆ ದವಡೆಯ ಹಿಂದಿನ ಅಂಚಿನಲ್ಲಿ ಇಟ್ಟು ಎರಡರ ನಡುವಿನ ಅಗಲ ಅಂದಾಜು ಮಾಡಿದಳು. ಪ್ರೀಮೋಲಾರ್ ಇರಬೇಕಿದ್ದ ಜಾಗವನ್ನು ಎಡಗಡೆ ವಸಡಿನ ಮೇಲೆ ಗುರುತಿಸಿಕೊಂಡು, ಕೋರೆಹಲ್ಲಿಗೆ ಒರಗದೆ, ಅಲ್ಲಿಂದ ಸಿರಿಂಜ್ ಹಿಡಿದಳು. ಸುಮಾರು 22 ಮಿ.ಮೀ. ಒಳಗೆ ಹೋದಾಗ ನಿಂತಳು. "ಮೂಳೆ, ಮೇಡಂ" ಅಂದಳು.

ಸೂಜಿ ಹೊರಗೆ ಬಂದ ತಕ್ಷಣ ಅಕ್ಕ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದರು. ತೆರೆದರು. ಮತ್ತೆ ಮುಚ್ಚಿದರು. ಐದು ನಿಮಿಷದಲ್ಲಿ ಕೆಳತುಟಿ ಮರಗಟ್ಟಿತು. ಕೆನ್ನೆಯ ಕಡೆಯ ವಸಡಿನ ಬಕಲ್ ನರಕ್ಕೆ ಬೇರೆಯಾಗಿ ಸ್ವಲ್ಪ ಔಷಧ ಕೊಟ್ಟು ಎರಡೂ ಬೇರು ತೆಗೆದೆವು. ಹತ್ತಿ ಕಚ್ಚಿಕೊಂಡು ಎದ್ದವರು ಮಗಳ ಕಡೆ ತಿರುಗಿ ಹುಬ್ಬು ಎರಡೂ ಮೇಲೆತ್ತಿ ತೋರಿಸಿದರು.